ಗಾಜಿನ ತೊಟ್ಟಿಯ ಕರೆಯದ ಅತಿಥಿಗಳು

ರೋಣ, ನರಗುಂದ, ಗಜೇಂದ್ರಗಡಗಳಿಗೆ ಕಡಲು ದೂರ. ನಕ್ಷೆಯ ಮೇಲೆ ನೇರ ಗೆರೆಯೆಳೆದು ಅಳೆದರೆ ರೋಣದಿಂದ ಕಾರವಾರಕ್ಕೆ ಸುಮಾರು ೨೦೦ ಕಿಲೋಮೀಟರು. ರಸ್ತೆ ಹಿಡಿದು ಹೋದರೆ ಇನ್ನೂ ಹೆಚ್ಚು. ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಡಲನ್ನು ಮೊದಲು ಕಂಡದ್ದು ಶಾಲೆಯ ಪ್ರವಾಸದಲ್ಲಿಯೇ. ಹೀಗಿದ್ದರೂ ಕಡಲಿನ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿ ಹಿಡಿದಿಟ್ಟು ಮನೆಯೊಳಗೆ ಸಾಕುವ ಹವ್ಯಾಸ ಇಂದು ಒಳನಾಡಿನ ಊರುಗಳನ್ನೂ ಮುಟ್ಟಿದೆ. ತೊಟ್ಟಿ ಇಡಲು ಅನುಕೂಲವಿಲ್ಲದವರು ಅದರ ಚಿತ್ರಗಳನ್ನು ಫೋನಿನಲ್ಲಿ ನೋಡಿ ಸಂತೋಷಪಡುತ್ತಾರೆ. ಪಾಠ ಮುಗಿದ ಮೇಲೆ ಫೋನನ್ನು ನಮ್ಮ ಮುಂದೆ ಹಿಡಿದು, "ಸರ್, ಇದರ ಹೆಸರೇನ್ರಿ?" ಎಂದು ಕೇಳುವ ಹುಡುಗರುಂಟು. ಕೇಳುವ ಕುತೂಹಲ ಮೆಚ್ಚತಕ್ಕದ್ದೇ. ಆದರೆ ಆ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಇಂಥ ತೊಟ್ಟಿಯ ರಚನೆ ಸರಳವಾದುದು. ಕಡಲನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೩೫ ಗ್ರಾಮಿನಷ್ಟು ಲವಣಗಳಿರುತ್ತವೆ. ಅದರ ಸಾಪೇಕ್ಷ ಸಾಂದ್ರತೆ ಸುಮಾರು ೧.೦೨೫. ತಯಾರಿಸಿದ ಲವಣಮಿಶ್ರಣವನ್ನು ಶುದ್ಧ ನೀರಿನಲ್ಲಿ ಕರಗಿಸಿ ಈ ಪ್ರಮಾಣವನ್ನು ಸಾಧಿಸಬಹುದು. ಅದಕ್ಕಾಗಿ ಕಡಲಿಗೆ ಹೋಗಬೇಕಾದುದಿಲ್ಲ. ನೀರನ್ನು ತಿರುಗಿಸಲು ಒಂದು ಪಂಪು, ಮೇಲೊಂದು ದೀಪ, ತಳದಲ್ಲಿ ಮರಳು, ಮಧ್ಯದಲ್ಲಿ ಕಲ್ಲು. ಈ ಕಲ್ಲಿನಲ್ಲಿಯೇ ಇರುವುದು ಸ್ವಾರಸ್ಯ. ಹವಳದ ಹುಳುಗಳು ಕಟ್ಟಿ ಬಿಟ್ಟುಹೋದ ಸುಣ್ಣದ ಗೂಡು ಅದು. ಅದರ ಮೈತುಂಬ ಸಂದು, ಬಿರುಕು, ರಂಧ್ರ. ಪ್ರತಿಯೊಂದು ರಂಧ್ರದಲ್ಲಿಯೂ ಏನಾದರೊಂದು ವಾಸವಾಗಿರುತ್ತದೆ. ಹವ್ಯಾಸಿಗಳು ಇದನ್ನು 'ಲೈವ್ ರಾಕ್' ಎನ್ನುತ್ತಾರೆ. ನಾವು ಜೀವಬಂಡೆ ಎನ್ನೋಣ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ದೇಶದ ಕಡಲಿನಿಂದ ಇಂಥ ಬಂಡೆಯನ್ನು ಕಿತ್ತು ತರುವುದು ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ಬಂಡೆಕಟ್ಟುವ ಹವಳಗಳನ್ನು ಸೇರಿಸಲಾಯಿತು. ಹುಲಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ ರಕ್ಷಣೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಆದ ಹವಳದ ನೆಲೆಯಿದೆ. ಅದನ್ನು ನೀರಿಗಿಳಿದು ನೋಡಬಹುದು, ಚಿತ್ರ ತೆಗೆಯಬಹುದು. ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಅಂಗಡಿಯವನು "ಇದು ನಮ್ಮ ಕಡಲಿನದೇ" ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗುವುದು ಲೇಸು. ಸುಣ್ಣಕಲ್ಲಿನಿಂದಲೋ ಸಿಮೆಂಟಿನಿಂದಲೋ ಮಾಡಿದ ಬಂಡೆಯನ್ನಿಟ್ಟರೂ ಕೆಲವು ತಿಂಗಳುಗಳಲ್ಲಿ ಅದು ಜೀವ ತುಂಬಿಕೊಳ್ಳುತ್ತದೆ. ಒಂದು ಶಂಖದ ಮೇಲೋ ಒಂದು ಎಳೆ ಪಾಚಿಯೊಡನೆಯೋ ಅತಿಥಿಗಳು ಬಂದೇ ಬರುತ್ತಾರೆ.

ಹೀಗೆ ಕರೆಯದೆ ಬಂದವರಿಗೆ ಇಂಗ್ಲಿಷಿನಲ್ಲಿ 'ಹಿಚ್‌ಹೈಕರ್' ಎಂಬ ಹೆಸರುಂಟು; ದಾರಿಯಲ್ಲಿ ಕೈಯೊಡ್ಡಿ, ಸಿಕ್ಕ ಗಾಡಿ ಹತ್ತಿ ಬಂದವರು ಎಂದರ್ಥ. ಸಂತೆಯ ದಿನ ಟ್ರ್ಯಾಕ್ಟರಿನ ಹಿಂದೆ ಹತ್ತಿ ಕುಳಿತವರನ್ನು ಕಂಡ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಯ ಒಡೆಯನು ಕೊಂಡು ತಂದದ್ದು ಎರಡು ಮೀನು, ನಾಲ್ಕು ಕಲ್ಲು. ತಿಂಗಳು ಕಳೆಯುವಷ್ಟರಲ್ಲಿ ರಾತ್ರಿಯ ಹೊತ್ತು ಕಲ್ಲಿನ ಸಂದಿನಿಂದ ಉದ್ದನೆಯ ಹುಳುವೊಂದು ಹೊರಗೆ ಚಾಚುತ್ತದೆ. ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ ನಕ್ಷತ್ರವೊಂದು ತೆವಳುತ್ತದೆ. ಮೂಲೆಯಲ್ಲಿ ಕಂದುಬಣ್ಣದ ಹೂವೊಂದು ಅರಳುತ್ತದೆ. ಎಲ್ಲಿಂದಲೋ 'ಟಕ್' ಎಂದು ಸದ್ದು ಕೇಳಿಸುತ್ತದೆ. ಒಡೆಯನ ನಿದ್ರೆ ಕೆಡುತ್ತದೆ.

ನಿದ್ರೆ ಕೆಡಲು ಕಾರಣವಿಲ್ಲದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀ ಎಂಬ ಊರಿನಲ್ಲಿ ಬ್ಲೂ ರೀಫ್ ಎಂಬ ಮತ್ಸ್ಯಾಲಯವಿದೆ. ಅಲ್ಲಿಯ ಒಂದು ತೊಟ್ಟಿಯಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನುಗಳು ಗಾಯಗೊಳ್ಳುತ್ತಿದ್ದವು. ಅಪರಾಧಿ ಮಾತ್ರ ಕಾಣಿಸುತ್ತಿರಲಿಲ್ಲ. ೨೦೦೯ರಲ್ಲಿ ತೊಟ್ಟಿಯ ಬಂಡೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಸುಮಾರು ನಾಲ್ಕು ಅಡಿ ಉದ್ದದ ಹುಳುವೊಂದು ಹೊರಬಿತ್ತು. ಮರಿಯಾಗಿದ್ದಾಗ ಬಂಡೆಯ ಸಂದಿನಲ್ಲಿ ಅಡಗಿ ಬಂದು ಅಲ್ಲಿಯೇ ಬೆಳೆದ ಯೂನಿಸ್ ಜಾತಿಯ ಹುಳು ಅದು. ಈ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅಂದಿನಿಂದ ತೊಟ್ಟಿಯಲ್ಲಿ ಬಿರುಗೂದಲಿನ ಹುಳು ಕಂಡೊಡನೆ ಚಿಮಟ ಹುಡುಕುವವರೇ ಹೆಚ್ಚು.

ಆದರೆ ಬಿರುಗೂದಲಿನ ಹುಳುಗಳ ಬಳಗ ಬಹು ದೊಡ್ಡದು. ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಿಕ್ಕುವವು ಮೀನು ತಿಂದುಳಿದ ಆಹಾರವನ್ನೂ ಕೊಳೆತದ್ದನ್ನೂ ತಿಂದು ಬದುಕುವ ಜಾಡಮಾಲಿಗಳು. ಅವನ್ನೆಲ್ಲ ಕಿತ್ತೆಸೆದರೆ ಕೊಳೆ ಉಳಿಯುತ್ತದೆ, ನೀರು ಕೆಡುತ್ತದೆ. ಕೆಡುಕನನ್ನು ಸಾಧುವಿನಿಂದ ಬೇರ್ಪಡಿಸುವ ಗುರುತು ಇದೆಯೇ? ಇದೆ. ಯೂನಿಸ್ ಹುಳುವಿನ ತಲೆಯ ಮೇಲೆ ಐದು ಮೀಸೆಗಳಿರುತ್ತವೆ. ಬೆಂಕಿಹುಳು ಎನಿಸಿಕೊಂಡ ಜಾತಿಗಳಲ್ಲಿ ಮೈಯ ಎರಡು ಪಕ್ಕಗಳಲ್ಲಿ ಬಿಳಿಯ ಬಿರುಗೂದಲಿನ ಗೊಂಚಲುಗಳಿದ್ದು, ಮುಟ್ಟಿದೊಡನೆ ಅವು ಚರ್ಮದಲ್ಲಿ ಮುರಿದುಕೊಂಡು ಉರಿಯುತ್ತವೆ. ಅಂದರೆ ನೋಡಬೇಕಾದದ್ದು ಉದ್ದವನ್ನಲ್ಲ, ಬಣ್ಣವನ್ನಲ್ಲ, ತಲೆಯನ್ನು. ಮೀಸೆ ಎಣಿಸಲು ತಾಳ್ಮೆ ಬೇಕು. ಆ ಹುಳು ತಲೆಯನ್ನು ಹೊರಗೆ ಹಾಕುವುದು ಕತ್ತಲಲ್ಲಿ. ದೀಪ ಹಾಕಿದರೆ ಒಳಸೇರುತ್ತದೆ. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿದರೆ ಕೆಲಸ ಸುಲಭವಾಗುತ್ತದೆ. ಕಡಲನೀರು ಕೆಂಪು ಬೆಳಕನ್ನು ಮೇಲಿನ ಕೆಲವು ಮೀಟರುಗಳಲ್ಲಿಯೇ ಹೀರಿಬಿಡುವುದರಿಂದ ಅಲ್ಲಿಯ ಅನೇಕ ಪ್ರಾಣಿಗಳ ಕಣ್ಣಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ.

ಮೂಲೆಯಲ್ಲಿ ಅರಳಿದ ಕಂದು ಹೂವಿನ ವಿಷಯ ಇನ್ನೂ ಬೋಧಪ್ರದ. ಅದು ಬಹುಮಟ್ಟಿಗೆ ಐಪ್ಟೇಸಿಯ ಎಂಬ ಕಡಲಹೂವು. ಗಿಡವಲ್ಲ, ಕುಟುಕುವ ಪ್ರಾಣಿ. ಹೆದರಿದ ಒಡೆಯನು ಚಾಕುವಿನಿಂದ ಅದನ್ನು ಹೆರೆದು ತೆಗೆಯುತ್ತಾನೆ. ಕಲ್ಲಿಗೆ ಅಂಟಿಕೊಂಡು ಉಳಿದ ಚೂರುಗಳಿಂದ ಹೊಸ ಹೂವುಗಳು ಏಳುತ್ತವೆ, ಒಂದಿದ್ದದ್ದು ಹತ್ತಾಗುತ್ತದೆ. ಏನೆಂದು ತಿಳಿಯುವ ಮೊದಲೇ ಕೈ ಮಾಡಿದ್ದರ ಫಲವಿದು. ಇದಕ್ಕೆ ತದ್ವಿರುದ್ಧವಾಗಿ, ಕಲ್ಲಿನ ಮೇಲೆ ತಾನಾಗಿ ಚಿಗುರಿದ ಹವಳದ ಮರಿಯನ್ನೇ ಐಪ್ಟೇಸಿಯ ಎಂದು ಬಗೆದು ಕೊಂದವರೂ ಇಲ್ಲದಿಲ್ಲ.

ಇನ್ನು ಆ 'ಟಕ್' ಎಂಬ ಸದ್ದು. ಭೌತಶಾಸ್ತ್ರದವರಾದ ನಮಗೆ ಇದರಲ್ಲಿ ವಿಶೇಷ ಆಸಕ್ತಿಯಿದ್ದರೆ ವಾಚಕರು ಕ್ಷಮಿಸಬೇಕು. ತೊಟ್ಟಿಯಲ್ಲಿ ಹೀಗೆ ಸದ್ದು ಮಾಡುವವರು ಮುಖ್ಯವಾಗಿ ಇಬ್ಬರು. ಒಬ್ಬ ಪಿಸ್ತೂಲು ಸೀಗಡಿ, ಇನ್ನೊಬ್ಬ ಮ್ಯಾಂಟಿಸ್ ಸೀಗಡಿ. ಪಿಸ್ತೂಲು ಸೀಗಡಿಗೆ ಒಂದು ಕೊಂಡಿ ಸಣ್ಣದು, ಇನ್ನೊಂದು ಮೈಗೆ ಮೀರಿ ದೊಡ್ಡದು. ದೊಡ್ಡ ಕೊಂಡಿಯನ್ನು ಅದು ಫಕ್ಕನೆ ಮುಚ್ಚಿದಾಗ ನೀರಿನ ಧಾರೆಯೊಂದು ಸೆಕೆಂಡಿಗೆ ಸುಮಾರು ೨೫ ಮೀಟರು ವೇಗದಲ್ಲಿ ಚಿಮ್ಮುತ್ತದೆ. ಅಷ್ಟು ವೇಗದ ನೀರಿನಲ್ಲಿ ಒತ್ತಡವು ಆವಿಯ ಒತ್ತಡಕ್ಕಿಂತ ಕೆಳಗಿಳಿದು ಗುಳ್ಳೆಯೊಂದು ಹುಟ್ಟುತ್ತದೆ. ಮರುಕ್ಷಣದಲ್ಲಿ ಸುತ್ತಲಿನ ನೀರು ಅದನ್ನು ಹಿಸುಕಿ ನುಗ್ಗುಮಾಡುತ್ತದೆ. ಕೊಂಡಿಯ ಎರಡು ತುಟಿಗಳು ತಾಗಿ ಸದ್ದಾಗುತ್ತದೆಂದು ಬಹುಕಾಲ ನಂಬಿದ್ದರು. ೨೦೦೦ದಲ್ಲಿ ಸೆಕೆಂಡಿಗೆ ೪೦,೦೦೦ ಚಿತ್ರಗಳನ್ನು ತೆಗೆಯುವ ಕ್ಯಾಮರಾದಿಂದ ನೋಡಿದಾಗ, ಸದ್ದು ಹುಟ್ಟುವುದು ಕೊಂಡಿ ಮುಚ್ಚಿದಾಗಲ್ಲ, ಗುಳ್ಳೆ ಕುಸಿದಾಗ ಎಂಬುದು ಗೊತ್ತಾಯಿತು. ಮರುವರ್ಷ ಆ ಕುಸಿತದಲ್ಲಿ ಕಣ್ಣಿಗೆ ಕಾಣದಷ್ಟು ಮಂದವಾದ ಬೆಳಕೂ ಹೊಮ್ಮುತ್ತದೆಂದು ಕಂಡುಬಂದಿತು. ಗುಳ್ಳೆಯೊಳಗಿನ ಉಷ್ಣತೆ ಆಗ ೫,೦೦೦ ಕೆಲ್ವಿನ್ನಿಗೂ ಮೇಲೆ! ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸೀಗಡಿಗಳ ಗದ್ದಲ ಜಲಾಂತರ್ಗಾಮಿಗಳ ಸದ್ದನ್ನು ಆಲಿಸುತ್ತಿದ್ದವರಿಗೆ ದೊಡ್ಡ ಉಪದ್ರವವಾಗಿತ್ತು.

ಪಿಸ್ತೂಲು ಸೀಗಡಿಯಿಂದ ತೊಟ್ಟಿಯ ಮೀನುಗಳಿಗೆ ಹೆಚ್ಚಿನ ಅಪಾಯವಿಲ್ಲ. ಅದರ ಕೆಲವು ಜಾತಿಗಳು ಗೋಬಿ ಎಂಬ ಸಣ್ಣ ಮೀನಿನೊಡನೆ ಒಂದೇ ಬಿಲದಲ್ಲಿ ಸಂಸಾರ ಹೂಡುತ್ತವೆ: ಬಿಲ ತೋಡುವ ಕೆಲಸ ಮಂದದೃಷ್ಟಿಯ ಸೀಗಡಿಯದು, ಬಾಗಿಲು ಕಾಯುವ ಕೆಲಸ ಮೀನಿನದು. ಮ್ಯಾಂಟಿಸ್ ಸೀಗಡಿಯಾದರೋ ಶಂಖವನ್ನು ಗುದ್ದಿ ಪುಡಿಮಾಡುವ, ಮೀನನ್ನು ಇರಿದು ಹಿಡಿಯುವ ಬೇಟೆಗಾರ. ಇಬ್ಬರ ಸದ್ದನ್ನು ಕಿವಿಯಿಂದ ಬೇರ್ಪಡಿಸುವುದು ಕಷ್ಟ. ಸದ್ದು ಯಾವ ಕಲ್ಲಿನಿಂದ ಬಂತೆಂಬುದನ್ನೂ ಹೇಳಲಾಗದು. ಅದಕ್ಕೆ ಕಾರಣ ಇಷ್ಟೆ: ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೫೦೦ ಮೀಟರು, ೬೦ ಸೆಂಟಿಮೀಟರು ಉದ್ದದ ತೊಟ್ಟಿಯನ್ನು ಅದು ಒಂದು ಸೆಕೆಂಡಿನ ಹತ್ತುಸಾವಿರ ಪಾಲಿನಲ್ಲಿ ನಾಲ್ಕು ಪಾಲು ಕಾಲದಲ್ಲಿ ದಾಟಿ, ಗಾಜಿನ ನಾಲ್ಕು ಗೋಡೆಗಳನ್ನೂ ಒಟ್ಟಿಗೆ ನಡುಗಿಸುತ್ತದೆ. ಹಾಗಾದರೆ ಉಪಾಯವೇನು? ಬಕೆಟ್ಟುಗಳಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಒಂದೊಂದು ಕಲ್ಲನ್ನು ಒಂದೊಂದರಲ್ಲಿಟ್ಟು, ರಾತ್ರಿ ಕಿವಿಗೊಟ್ಟು ಕುಳಿತುಕೊಳ್ಳುವುದು. ಸದ್ದು ಬಂದ ಬಕೆಟ್ಟಿನಲ್ಲಿ ಅತಿಥಿಯಿದ್ದಾನೆ. ಬಳಿಕ ಕೆಂಪು ದೀಪ ಹಿಡಿದು ಕೊಂಡಿ ನೋಡಿದರಾಯಿತು. ಇಷ್ಟು ಸರಳವಾದ ಈ ಕ್ರಿಯೆ ನಿಜವಾದ ಪ್ರಯೋಗದ ಹೆಸರಿಗೆ ಅರ್ಹವೆಂದು ನಾವು ಭಾವಿಸುತ್ತೇವೆ. ಎರಡು ಊಹೆಗಳಿವೆ, ಅವನ್ನು ಬೇರ್ಪಡಿಸುವ ಪರೀಕ್ಷೆಯೊಂದಿದೆ, ಉತ್ತರ ಯಾವ ಕಡೆಗಾದರೂ ಬರಬಹುದು.

ನಮ್ಮ ಆಕ್ಷೇಪಣೆ ಇರುವುದು ಇಂಥ ಪರೀಕ್ಷೆಯನ್ನು ಬಿಟ್ಟು ಚಿತ್ರಕ್ಕೆ ಚಿತ್ರ ಹೊಂದಿಸುವ ರೂಢಿಗೆ. ಫೋನಿಗೆ ಒಂದು ಚಿತ್ರ ತೋರಿಸಿದರೆ ಅದು ಕ್ಷಣದಲ್ಲಿ ಹೆಸರು ಹೇಳುತ್ತದೆ. ಈ ಯಂತ್ರಗಳು ಚಿಟ್ಟೆ, ಹಕ್ಕಿ, ಹೂಗಿಡಗಳ ವಿಷಯದಲ್ಲಿ ಮೆಚ್ಚುವಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಅವನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಆದರೆ ತಾನು ಕಲಿತ ಚಿತ್ರಗಳಲ್ಲಿ ಹತ್ತಿರದ್ದು ಯಾವುದೋ ಅದನ್ನೇ ಅದು ಹೇಳಬಲ್ಲುದು. ಪ್ರಾಣಿಯ ಗಾತ್ರವೆಷ್ಟು, ಎಲ್ಲಿಂದ ಬಂತು, ರಾತ್ರಿ ಏನು ಮಾಡುತ್ತದೆ, ಮೀಸೆಗಳು ಎಷ್ಟು ಎಂಬುದನ್ನು ಒಂದು ಚಿತ್ರ ಹೇಳದು. ಗಾತ್ರದ ಮಾತನ್ನೇ ತೆಗೆದುಕೊಳ್ಳಿ. ತೊಟ್ಟಿಯ ಗಾಜಿಗೆ ಹೊರಗಿನಿಂದ ಅಳತೆಪಟ್ಟಿ ಅಂಟಿಸಿ, ಗಾಜಿನಿಂದ ೨೦ ಸೆಂಟಿಮೀಟರು ದೂರದಲ್ಲಿ ಫೋನನ್ನಿಟ್ಟು ಚಿತ್ರ ತೆಗೆದಿರೆನ್ನೋಣ. ಹುಳುವು ಗಾಜಿನಿಂದ ೧೨ ಸೆಂಟಿಮೀಟರು ಒಳಗಿದೆ. ವಕ್ರೀಭವನದಿಂದಾಗಿ ಅದು ೯ ಸೆಂಟಿಮೀಟರು ಒಳಗಿರುವಂತೆ ತೋರುತ್ತದೆ. ಪಟ್ಟಿ ಇರುವುದು ೨೦ ಸೆಂಟಿಮೀಟರು ದೂರದಲ್ಲಿ, ಹುಳು ತೋರುವುದು ೨೯ರಲ್ಲಿ. ಆದುದರಿಂದ ೧೦ ಸೆಂಟಿಮೀಟರಿನ ಹುಳು ಪಟ್ಟಿಯ ಮೇಲೆ ೭ಕ್ಕಿಂತ ಸ್ವಲ್ಪ ಕಡಿಮೆಯಾಗಿ ಓದಿಸಿಕೊಳ್ಳುತ್ತದೆ! ಎರಡನೆಯ ವರ್ಷದ ಪಿಯುಸಿ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಬಲ್ಲನು. ಪಟ್ಟಿಯನ್ನು ನೀರಿನೊಳಗೆ ಹುಳುವಿನ ಪಕ್ಕದಲ್ಲಿಳಿಸಿದರೆ ಈ ತೊಡಕು ಇಲ್ಲ.

ತಪ್ಪು ಹೆಸರಿನಿಂದ ಏನು ನಷ್ಟ, ಮುಂದೆ ತಿದ್ದಿಕೊಂಡರಾಯಿತಲ್ಲ ಎನ್ನಬಹುದು. ಇದಕ್ಕೆ ಉತ್ತರವಾಗಿ ಒಂದು ತೊಟ್ಟಿಯ ಕಥೆಯನ್ನು ಹೇಳಬೇಕು. ಆಸ್ಟ್ರಿಯ ದೇಶದ ಗ್ರಾಟ್ಸ್ ನಗರವೂ ನಮ್ಮ ರೋಣದಂತೆಯೇ ಒಳನಾಡಿನದು. ಅಲ್ಲಿಂದ ಹತ್ತಿರದ ಕಡಲು, ಟ್ರಿಯೆಸ್ಟಿನದು, ನೇರ ಗೆರೆಯಲ್ಲಿ ಸುಮಾರು ೨೦೦ ಕಿಲೋಮೀಟರು. ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಕಡಲನೀರಿನ ತೊಟ್ಟಿಯೊಂದಿತ್ತು. ೧೮೮೩ರಲ್ಲಿ ಫ್ರಾನ್ಸ್ ಐಲ್‌ಹಾರ್ಡ್ ಶುಲ್ಟ್ಸೆ ಎಂಬ ವಿದ್ವಾಂಸರು ಆ ತೊಟ್ಟಿಯ ಗಾಜಿನ ಮೇಲೆ ಒಂದು ಮಿಲಿಮೀಟರಿನಷ್ಟು ಅಗಲದ, ಕಾಗದಕ್ಕಿಂತ ತೆಳುವಾದ ಬೂದುಬಣ್ಣದ ಚುಕ್ಕೆಯೊಂದು ಜರುಗುತ್ತಿರುವುದನ್ನು ಕಂಡರು. ಅದಕ್ಕೆ ತಲೆಯಿಲ್ಲ, ಬಾಯಿಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ, ಎಡಬಲಗಳೂ ಇಲ್ಲ. ಮೇಲಿನ ಪದರ, ಕೆಳಗಿನ ಪದರ, ನಡುವೆ ಎಳೆಎಳೆಯಾದ ಕೋಶಗಳು—ಇಷ್ಟೇ ಅದರ ಸಂಪತ್ತು. ಕೆಳಗಿನ ರೋಮಗಳನ್ನಾಡಿಸುತ್ತ ಎತ್ತ ಬೇಕಾದರತ್ತ ತೇಲಿದಂತೆ ಸಾಗುತ್ತಿತ್ತು. ಶುಲ್ಟ್ಸೆಯವರು ಅದನ್ನು ಕೂಲಂಕಷವಾಗಿ ವರ್ಣಿಸಿ, ರೋಮವುಳ್ಳ ಅಂಟುಬಿಲ್ಲೆ ಎಂಬರ್ಥದಲ್ಲಿ ಟ್ರೈಕೊಪ್ಲಾಕ್ಸ್ ಅಡ್‌ಹೇರೆನ್ಸ್ ಎಂದು ಹೆಸರಿಟ್ಟರು. ತಿಳಿದಿರುವ ಯಾವ ಬಳಗಕ್ಕೂ ಅದನ್ನು ಬಲವಂತವಾಗಿ ನೂಕಲಿಲ್ಲ.

೧೯೦೭ರಲ್ಲಿ ಥೀಲೊ ಕ್ರುಂಬಾಖ್ ಎಂಬವರು ಈ ಪ್ರಾಣಿ ಬೇರೆಯೇ ಅಲ್ಲ, ಎಲ್ಯುಥೀರಿಯ ಎಂಬ ಕುಟುಕುಜೀವಿಯ ಮರಿ ಎಂದು ಬರೆದರು. ಶುಲ್ಟ್ಸೆಯವರು ಒಪ್ಪಲಿಲ್ಲ, ಕಾರಣಗಳನ್ನೂ ಕೊಟ್ಟರು. ಆದರೂ ಪಠ್ಯಪುಸ್ತಕಗಳಿಗೆ 'ಮರಿ' ಎಂಬ ಮಾತೇ ರುಚಿಸಿತು. ಹೆಸರು ಸಿಕ್ಕಿತು, ಪ್ರಶ್ನೆ ಮುಗಿಯಿತು! ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಮೀರಿ ಆ ಬಿಲ್ಲೆಯನ್ನು ತಿರುಗಿ ನೋಡುವವರೇ ಇಲ್ಲವಾದರು. ಈ ನಡುವೆ ಎಷ್ಟು ತೊಟ್ಟಿಗಳ ಗಾಜಿನ ಮೇಲೆ ಅದು ತೆವಳಿತೋ, ಎಷ್ಟು ಬಾರಿ ಪಾಚಿಯೊಡನೆ ಒರಸಿಹೋಯಿತೋ! ೧೯೬೦ರ ದಶಕದ ಕೊನೆಯಲ್ಲಿ ಜರ್ಮನಿಯ ಕಾರ್ಲ್ ಗ್ರೆಲ್ ಅವರು, ಕೆಂಪು ಸಮುದ್ರದಿಂದ ಬಂದ ಪಾಚಿಯ ಮೇಲಿದ್ದ ಟ್ರೈಕೊಪ್ಲಾಕ್ಸನ್ನು ಮತ್ತೆ ಸಾಕಿ ಪರೀಕ್ಷಿಸಿದರು. ಅದರಲ್ಲಿ ಮೊಟ್ಟೆಗಳು ಕಂಡವು, ಮೊಟ್ಟೆಯಿಡುವುದು ಮರಿಯಾಗುವುದೆಂತು? ೧೯೭೧ರಲ್ಲಿ ಅವರು ಈ ಒಂದೇ ಪ್ರಾಣಿಗಾಗಿ ಪ್ಲಾಕೊಜೋವ ಎಂಬ ಹೊಸ ವಂಶವನ್ನೇ ಸ್ಥಾಪಿಸಿದರು. ಮೃದ್ವಂಗಿಗಳದು ಒಂದು ವಂಶ, ಕೀಟ ಏಡಿಗಳದು ಒಂದು ವಂಶ, ಈ ಬಿಲ್ಲೆಯದು ಇನ್ನೊಂದು! ೨೦೦೮ರಲ್ಲಿ ಅದರ ವಂಶಲಿಪಿಯನ್ನು ಪೂರ್ತಿಯಾಗಿ ಓದಲಾಯಿತು: ಸುಮಾರು ೧೧,೫೦೦ ಜೀನುಗಳು. ನರವೇ ಇಲ್ಲದ ಈ ಪ್ರಾಣಿಯಲ್ಲಿ, ಇತರ ಪ್ರಾಣಿಗಳ ನರಮಂಡಲದಲ್ಲಿ ಕೆಲಸ ಮಾಡುವ ಅನೇಕ ಜೀನುಗಳು ಕಂಡುಬಂದವು. ಪ್ರಾಣಿಜೀವನದ ಬಲು ಹಳೆಯ ಕವಲೊಂದು ಗಾಜಿಗೆ ಅಂಟಿಕೊಂಡು ಕಾಯುತ್ತಿತ್ತು.

ಇದಕ್ಕೆ ಸರಿಸಮನಾದ ಇನ್ನೊಂದು ಪ್ರಸಂಗ ನಮ್ಮ ವಿಷಯದಲ್ಲಿದೆ. ೧೮೬೮ರ ಆಗಸ್ಟ್ ೧೮ರ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲು ಜಾನ್ಸೆನ್ ಎಂಬ ಫ್ರೆಂಚ್ ವಿದ್ವಾಂಸರು ಗುಂಟೂರಿಗೆ ಬಂದಿದ್ದರು. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡಿದವರಿಗೆ ಹಳದಿಯ ಗೆರೆಯೊಂದು ಕಂಡಿತು. ಹಳದಿಯೆಂದರೆ ಸೋಡಿಯಂ ಎನ್ನುವುದು ಸಹಜ. ಲಾಕ್ಯರ್ ಎಂಬವರು ಆ ಗೆರೆಯ ಸ್ಥಾನವನ್ನು ಅಳೆದರು. ಸೋಡಿಯಮ್ಮಿನ ಜೋಡಿಗೆರೆಗಳಿರುವುದು ೫೮೯.೦ ಮತ್ತು ೫೮೯.೬ ನ್ಯಾನೊಮೀಟರಿನಲ್ಲಿ, ಇದು ಇದ್ದುದು ೫೮೭.೬ರ ಹತ್ತಿರ. ವ್ಯತ್ಯಾಸ ಅಷ್ಟೇ, ಆದರೆ ಅಷ್ಟು ಸಾಕಾಯಿತು. ಇದು ಸೋಡಿಯಂ ಅಲ್ಲ ಎಂದು ನಿರ್ಧರಿಸಿ, ಹೀಲಿಯಂ ಎಂಬ ಅಪರಿಚಿತನಿಗಾಗಿ ಸ್ಥಳವನ್ನು ತೆರೆದಿಟ್ಟರು. ೧೮೯೫ರಲ್ಲಿ ರ‍್ಯಾಮ್ಸೆಯವರಿಗೆ ಯುರೇನಿಯಂ ಖನಿಜವೊಂದರಲ್ಲಿ ಆ ಅನಿಲ ಸಿಕ್ಕಿತು. ಒಂದು ಕಡೆ ೨೭ ವರ್ಷ ಬಾಗಿಲು ತೆರೆದಿತ್ತು; ಇನ್ನೊಂದು ಕಡೆ ೬೦ ವರ್ಷ ಮುಚ್ಚಿತ್ತು.

ನಮ್ಮ ಕಾಲೇಜುಗಳಲ್ಲಿ ಯಾವ ಬಾಗಿಲನ್ನು ತೋರಿಸುತ್ತಿದ್ದೇವೆ? ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ 'ಸ್ಪಾಟಿಂಗ್' ಎಂಬುದೊಂದುಂಟು. ಸಾಲಾಗಿ ಸೀಸೆಗಳನ್ನಿಟ್ಟಿರುತ್ತಾರೆ, ಒಂದೊಂದರ ಮುಂದೆ ಒಂದೆರಡು ನಿಮಿಷ ನಿಂತು ಹೆಸರು ಬರೆದು ಮುಂದೆ ಸಾಗಬೇಕು. ಜಾಣ ವಿದ್ಯಾರ್ಥಿಗಳು ಪ್ರಾಣಿಯನ್ನು ನೋಡುವುದೇ ಇಲ್ಲ. ಮುಚ್ಚಳ ಒಡೆದ ಸೀಸೆ ನೀರಿಸ್, ಹಳದಿಗೆ ತಿರುಗಿದ ಸೀಸೆ ನಕ್ಷತ್ರಮೀನು ಎಂದು ಸೀಸೆಗಳನ್ನೇ ಗುರುತಿಟ್ಟುಕೊಂಡಿರುತ್ತಾರೆ. ಅಂಕಗಳು ಬರುತ್ತವೆ. 'ಇದು ನನಗೆ ಗೊತ್ತಿಲ್ಲ, ಆದರೆ ಇಂತಿಂಥ ಗುರುತುಗಳಿವೆ, ಇಂಥದ್ದು ಅಲ್ಲವೆಂದು ಈ ಕಾರಣದಿಂದ ಹೇಳಬಲ್ಲೆ' ಎಂದು ಬರೆದವನಿಗೆ ಸೊನ್ನೆ. ಇದು ತಲೆಕೆಳಗಾದ ನ್ಯಾಯವೆಂದು ನಾವು ಹೇಳಲೇಬೇಕು. ಒಂದಾದರೂ ಸೀಸೆಯಲ್ಲಿ ಪಠ್ಯದಲ್ಲಿಲ್ಲದ, ಅಧ್ಯಾಪಕರಿಗೂ ಹೆಸರು ತಿಳಿಯದ ಪ್ರಾಣಿಯನ್ನಿಟ್ಟು, ಹೆಸರಿಗಲ್ಲದೆ ವರ್ಣನೆಗೆ ಅಂಕ ಕೊಡಬಾರದೇಕೆ? ಭೌತಶಾಸ್ತ್ರದ ಪ್ರಯೋಗದಲ್ಲಿ ಉತ್ತರದ ಜೊತೆಗೆ ದೋಷದ ಮಿತಿಯನ್ನು ಬರೆಯಿಸುತ್ತೇವೆ. ಹೆಸರಿಗೂ ಅಂಥ ಮಿತಿಯೊಂದಿರಲಿ.

ಕಡಲತೊಟ್ಟಿ ಖರ್ಚಿನ ಬಾಬು, ಹಳ್ಳಿಯ ಹುಡುಗರಿಗೆ ಇದೆಲ್ಲ ಎಲ್ಲಿಯ ಮಾತು ಎಂದರೆ, ಕಡಲನೀರೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಬೇಸಗೆಯಲ್ಲಿ ಒಣಗಿ ಬಿರಿದ ಕೆರೆಯಂಗಳದ ಮಣ್ಣನ್ನು ಒಂದು ಹಿಡಿ ತಂದು, ಗಾಜಿನ ಪಾತ್ರೆಯಲ್ಲಿ ಮಳೆನೀರು ಹೊಯ್ದು ಬೆಳಕಿನಲ್ಲಿಡಿ. ನಲ್ಲಿಯ ಕ್ಲೋರಿನ್ ನೀರು ಬೇಡ. ಕೆಲವು ದಿನಗಳಲ್ಲಿ ಏನೇನೋ ಚಲಿಸತೊಡಗುವುದು. ಅವರೆಕಾಳಿನಂಥ ಎರಡು ಚಿಪ್ಪುಗಳೊಳಗೆ ಕುಳಿತು ಓಡಾಡುವವು, ನೀರುಚಿಗಟಗಳು, ಅದೃಷ್ಟವಿದ್ದರೆ ಬೆನ್ನ ಮೇಲೆ ಮಲಗಿ ಈಜುವ ಪಾರದರ್ಶಕ ಸೀಗಡಿಗಳು. ಅವುಗಳ ಮೊಟ್ಟೆಗಳು ಒಣಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಇರಬಲ್ಲವು. ಗಾಳಿಯ ಧೂಳಿನೊಡನೆ, ದನದ ಗೊರಸಿನ ಕೆಸರಿನೊಡನೆ ಕೆರೆಯಿಂದ ಕೆರೆಗೆ ಸಾಗಬಲ್ಲವು. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಕ್ಕಿಯ ಕಾಲಿಗೆ ಅಂಟಿ ಏನೇನು ಬರಬಹುದೆಂದು ಡಾರ್ವಿನ್ ಅವರು ಪರೀಕ್ಷಿಸಿದ್ದರು. ಬಸವನಹುಳುಗಳ ಮೊಟ್ಟೆಯೊಡೆಯುತ್ತಿದ್ದ ತೊಟ್ಟಿಯಲ್ಲಿ ಬಾತಿನ ಕಾಲನ್ನು ತೂಗಬಿಟ್ಟಾಗ ಮರಿಗಳು ಅದರ ಮೇಲೆ ಹತ್ತಿ ಬಿಗಿಯಾಗಿ ಹಿಡಿದುಕೊಂಡವು. ತೇವದ ಗಾಳಿಯಲ್ಲಿ ೧೨ರಿಂದ ೨೦ ಗಂಟೆಗಳ ಕಾಲ ಬದುಕಿದ್ದವು. ೧೮೫೯ರ ಅವರ ಗ್ರಂಥದಲ್ಲಿ ಇದು ವರ್ಣಿತವಾಗಿದೆ. ನವಿಲುತೀರ್ಥದಿಂದ ಕಾಲುವೆಯಲ್ಲಿ ನರಗುಂದದ ಹೊಲಗಳಿಗೆ ಇಳಿಯುವ ಮಲಪ್ರಭೆಯ ನೀರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಲೋಟದಲ್ಲಿ ಹಿಡಿದು ನೋಡಿ.

ನೋಡಿದ ಮೇಲೆ ತೊಟ್ಟಿಯ ನೀರನ್ನಾಗಲಿ ಪ್ರಾಣಿಯನ್ನಾಗಲಿ ಕೆರೆಗೆ, ಕಾಲುವೆಗೆ ಚೆಲ್ಲಕೂಡದು. ಮತ್ಸ್ಯಾಲಯಗಳಲ್ಲಿ ಬೆಳೆಸಿದ ಕಾಲರ್ಪ ಎಂಬ ಪಾಚಿಯ ತಳಿಯೊಂದು ೧೯೮೪ರಲ್ಲಿ ಮೊನಾಕೊ ಬಳಿ ಕಡಲಿನಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ನಿನ ತೀರವನ್ನು ಆಕ್ರಮಿಸಿತು. ೨೦೦೦ದಲ್ಲಿ ಅದೇ ತಳಿ ಕ್ಯಾಲಿಫೋರ್ನಿಯದಲ್ಲಿ ಕಂಡಾಗ ಬೇಗ ಗುರುತು ಹತ್ತಿದ್ದರಿ೦ದ ೨೦೦೬ರ ಹೊತ್ತಿಗೆ ಅದನ್ನು ಪೂರ್ತಿಯಾಗಿ ತೊಡೆಯಲು ಸಾಧ್ಯವಾಯಿತು.

ಬೇಗ ಗುರುತು ಹತ್ತುವುದೆಂದರೇನೆಂಬುದನ್ನು ನಮ್ಮ ರೈತರೂ ಬಲ್ಲರು. ಅಮೆರಿಕ ಖಂಡದ ಸೈನಿಕಹುಳು ೨೦೧೬ರಲ್ಲಿ ಆಫ್ರಿಕದಲ್ಲಿ ಕಂಡಿತು. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ಸಿಕ್ಕಿತು. ಭಾರತದಲ್ಲಿ ಅದೇ ಮೊದಲ ದಾಖಲೆ. ಒಂದೆರಡು ವರ್ಷಗಳಲ್ಲಿ ದೇಶದ ಬಹುಭಾಗವನ್ನು ಸುತ್ತಿತು. ನಮ್ಮ ಕಡೆ ಎಲೆ ತಿಂದು ಹಿಕ್ಕೆ ಹಾಕುವ ಇಂಥ ಹುಳುಗಳಿಗೆಲ್ಲ ಲದ್ದಿಹುಳು ಎಂಬ ಒಂದೇ ಹೆಸರು. ಕಡಲೆಯ ಕಾಯಿಕೊರಕವನ್ನು ನೋಡಿ ಪಳಗಿದ ಕಣ್ಣಿಗೂ ಇದು 'ಮತ್ತೊಂದು ಹುಳು' ಅಷ್ಟೆ. ಆದರೆ ತಲೆಯ ಮೇಲೆ ತಿರುವುಮುರುವಾದ ಇಂಗ್ಲಿಷ್ 'ವೈ' ಅಕ್ಷರ, ಬಾಲದ ತುದಿಯ ಹಿಂದಿನ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಚುಕ್ಕೆಗಳು—ಇವೆರಡು ಇದರ ರುಜು. ಇದು ಗಿಡದ ಸುಳಿಯೊಳಗೆ ಹುದುಗಿರುವುದರಿಂದ ಎಲೆಗಳ ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಗಲುವುದಿಲ್ಲ, ಸುಳಿಗೇ ಇಳಿಯಬೇಕು. ಚುಕ್ಕೆ ಎಣಿಸದವನ ಹಣವೂ ಬೆಳೆಯೂ ಒಟ್ಟಿಗೆ ಹೋಗುತ್ತವೆ. ಗಾಜಿನ ತೊಟ್ಟಿಯ ಮುಂದೆ ಹುಳುವಿನ ಮೀಸೆ ಎಣಿಸಲು ಕಲಿತ ಹುಡುಗಿಯೊಬ್ಬಳು ಅಪ್ಪನ ಹೊಲದಲ್ಲಿ ಚುಕ್ಕೆ ಎಣಿಸಿಯಾಳು ಎಂಬುದು ನಮ್ಮ ಆಸೆ.

ಆದುದರಿಂದ ಮೂರೂ ಊರುಗಳ ವಿಜ್ಞಾನ ಕಾಲೇಜುಗಳಿಗೂ ಪ್ರೌಢಶಾಲೆಗಳಿಗೂ ನಮ್ಮ ಸೂಚನೆ ಇಷ್ಟು: ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿ, ಅದರ ಪಕ್ಕದಲ್ಲಿ ಒಂದು ದಫ್ತರು. ಪುಟಕ್ಕೊಂದು ಪ್ರಾಣಿ. ಕಂಡ ದಿನ, ಗಂಟೆ, ನೀರು ಅಥವಾ ಮಣ್ಣು ಬಂದ ಸ್ಥಳ, ನೀರಿನೊಳಗೆ ಅಳೆದ ಉದ್ದ, ಕಾಲು ಮೀಸೆಗಳ ಎಣಿಕೆ, ಕೈಯಿಂದ ಬರೆದ ಚಿತ್ರ, ಅದು ಏನು ತಿಂದಿತು, ಯಾವುದು ಅದನ್ನು ತಿಂದಿತು. ಹೆಸರಿನ ಅಂಕಣ ಕೊನೆಯದಾಗಿರಲಿ. ಅದು ವರ್ಷವಿಡೀ ಖಾಲಿಯಿದ್ದರೂ ಯಾರೂ ಗದರಿಸಬಾರದು. ಎರಡು ಊಹೆಗಳಿದ್ದರೆ ಎರಡನ್ನೂ ಬರೆದು, ಅವನ್ನು ಬೇರ್ಪಡಿಸುವ ಗುರುತೇನೆಂಬುದನ್ನು ಪಕ್ಕದಲ್ಲಿ ನಮೂದಿಸಬೇಕು. ಚಿತ್ರದಿಂದಲೇ ಎಲ್ಲವೂ ತೀರದೆಂಬುದಕ್ಕೆ ಟ್ರೈಕೊಪ್ಲಾಕ್ಸೇ ಮತ್ತೆ ಸಾಕ್ಷಿ: ೨೦೧೮ರಲ್ಲಿ ಅದರ ಬಳಗದ ಎರಡನೆಯ ಪ್ರಾಣಿಗೆ ಹೊಯಿಲುಂಗಿಯ ಎಂದು ಹೆಸರಿಟ್ಟರು. ಕಣ್ಣಿಗೆ ಎರಡೂ ಒಂದೇ. ವಂಶಲಿಪಿ ಓದಿದಾಗಲೇ ಬೇರೆಯೆಂದು ತಿಳಿದದ್ದು.

ನಮ್ಮ ಕೈಯಲ್ಲಿ ಬಗೆಹರಿಯದ್ದನ್ನು ಬಲ್ಲವರಿಗೆ ತೋರಿಸಬಹುದು. ಕಡಲಿನದಾದರೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಸಿಹಿನೀರಿನದಾದರೆ ಧಾರವಾಡದ ಪ್ರಾಣಿಶಾಸ್ತ್ರ ವಿಭಾಗವಿದೆ. ಪ್ರಾಣಿಯನ್ನು ಮದ್ಯಸಾರದ ಸಣ್ಣ ಸೀಸೆಯಲ್ಲಿಟ್ಟು, ದಿನ ಸ್ಥಳಗಳನ್ನು ಬರೆದ ಚೀಟಿಯನ್ನು ಸೀಸೆಯ ಹೊರಗೆ ಅಂಟಿಸದೆ ಒಳಗೇ ಹಾಕಬೇಕು. ಚೀಟಿಯನ್ನು ಪೆನ್ಸಿಲಿನಿಂದ ಬರೆಯತಕ್ಕದ್ದು. ಪೆನ್ನಿನ ಮಸಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ.